ಅಲೆ ಹೇಳಿದ ದೂರ, ಬೆಳಕು ಹೇಳಿದ ದೂರ

ಪುಣೆಯಿಂದ ಧಾರವಾಡ ಎಷ್ಟು ದೂರ? ಬಸ್ಸಿನವರ ಲೆಕ್ಕ ಒಂದು, ಫೋನಿನ ಮ್ಯಾಪ್ ಇನ್ನೊಂದು. ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಗ್ಯಾಲಕ್ಸಿಗಳ ವಿಷಯದಲ್ಲಿ ಹೀಗಾದರೆ ಐನ್‌ಸ್ಟೀನರ ಗುರುತ್ವ ನಿಯಮವನ್ನೇ ಅನುಮಾನಿಸಬೇಕಾಗುತ್ತದೆ.

ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ಸೂಪರ್‌ನೋವಾಗಳು ತೋರಿಸಿದವು. ಕಾರಣ ‘ಡಾರ್ಕ್ ಎನರ್ಜಿ’ಯೋ, ಗುರುತ್ವದ ನಿಯಮವೇ ಬೇರೆಯೋ? ಪರೀಕ್ಷಿಸಲು ಒಂದು ದಾರಿಯಿದೆ: ಒಂದೇ ಗ್ಯಾಲಕ್ಸಿಯ ದೂರವನ್ನು ಬೆಳಕಿನಿಂದಲೂ ಗುರುತ್ವ ಅಲೆಯಿಂದಲೂ ಅಳೆಯುವುದು. ಅಲೆ ಕ್ಷೀಣವಾದಷ್ಟೂ ಮೂಲ ದೂರ ಎಂದು ಲೆಕ್ಕ. ಕೆಲವು ಪರ್ಯಾಯ ಸಿದ್ಧಾಂತಗಳ ಪ್ರಕಾರ ಅಲೆ ದಾರಿಯಲ್ಲೇ ಇನ್ನಷ್ಟು ಸೊರಗುತ್ತದೆ. ಆಗ ಎರಡು ದೂರಗಳು ತಾಳೆಯಾಗುವುದಿಲ್ಲ.

2017ರ ಆಗಸ್ಟ್ 17ರಂದು ಅವಕಾಶ ಸಿಕ್ಕಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದಾಗಿದ್ದವು. ಅಲೆ ಬಂದ 1.7 ಸೆಕೆಂಡಿಗೆ ಗಾಮಾ ಕಿರಣವೂ ತಲುಪಿತು. ಎರಡರ ವೇಗವೂ ಒಂದೇ ಎಂದಾಗಿ ಹಲವು ಪರ್ಯಾಯ ಸಿದ್ಧಾಂತಗಳು ಬಿದ್ದುಹೋದವು. ಅಳತೆಯ ಮಿತಿಯೊಳಗೆ ದೂರಗಳೂ ಹೊಂದಿದವು.

ಆದರೆ ವಿಶ್ವದ ಲೆಕ್ಕದಲ್ಲಿ ಅದು ಪಕ್ಕದ ಬೀದಿ. ಸೊರಗುವಿಕೆ ಕಾಣಲು ಇನ್ನೂ ದೂರದ ಘಟನೆಗಳು ಬೇಕು. ಇದೇ ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೋ-ಇಂಡಿಯಾ ಅಂಥವುಗಳ ನೆಲೆಯನ್ನು ಆಕಾಶದಲ್ಲಿ ಗುರುತಿಸಲು ನೆರವಾಗಲಿದೆ. ಕೋಡ್ ಬರೆಯುವ ನಮಗೆ ಗೊತ್ತಿರುವ ಮಾತೇ ಇದು: ಒಂದು ಟೆಸ್ಟ್ ಪಾಸಾದರೆ ತಪ್ಪೇ ಇಲ್ಲವೆಂದಲ್ಲ, ಇನ್ನೂ ಸಿಕ್ಕಿಲ್ಲವೆಂದಷ್ಟೇ.