ಗರಿ ಉದುರುವ ಗಿಣಿಯ ಆರೈಕೆ



ನಮ್ಮ ಮನೇಲಿ ರಾಮ ಅಂತ ಒಂದು ಗಿಣಿ ಇತ್ತು. ಸಂತೆಯಿಂದ ಅಜ್ಜಿ ತಂದಿದ್ದರು. ಕೆಲವು ತಿಂಗಳಲ್ಲಿ ಅದರ ಗರಿ ಉದುರೋಕೆ ಶುರುವಾಯ್ತು. ಹೊಸದಾಗಿ ಬಂದ ಗರಿಗಳೂ ಮೊಂಡಾಗಿ, ಸೊಟ್ಟಗೆ ಇರುತ್ತಿದ್ದವು. "ಸೆಕೆಗೆ ಹಂಗಾಗ್ತದೆ ಬಿಡು" ಅಂದ್ರು ಅಜ್ಜಿ. ಪಂಜರದಲ್ಲಿ ಇಟ್ಟಿದ್ದಕ್ಕೇ ಹೀಗಾಗಿದೆ ಅಂತ ನನಗೆ ಅನ್ನಿಸಿ, ಒಂದು ದಿನ ಬೆಳಿಗ್ಗೆ ಬಾಗಿಲು ತೆಗೆದುಬಿಟ್ಟೆ. ಅದು ತಡವರಿಸುತ್ತಾ ಹಾರಿ ಕೆರೆ ಏರಿಯ ಆಲದ ಮರದ ಕಡೆ ಹೋಯ್ತು. ಒಳ್ಳೆ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಅದು ತಪ್ಪಿರಬಹುದು ಅಂತ ಈ ಬೇಸಿಗೆ ರಜೆಯಲ್ಲಿ ಗೊತ್ತಾಯ್ತು. ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮ ಮಾವ ಪೇಟೆಯಲ್ಲಿ ಪಕ್ಷಿಗಳ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಮಾಡ್ತಾರೆ. ಗಿಣಿ ಮಾರುವವರಿಂದ ಅರಣ್ಯ ಇಲಾಖೆಯವರು ಬಿಡಿಸಿದ ಹಕ್ಕಿಗಳು ಅಲ್ಲಿಗೆ ಬರುತ್ತವೆ. ರಜೆಯಲ್ಲಿ ಮಾವನ ಜೊತೆ ಹೋಗಿದ್ದೆ. ಎಲ್ಲಾ ಕಡೆ ಬಿಟ್ಟರು, ಕೊನೆಯ ಕೋಣೆಗೆ ಮಾತ್ರ ಬಿಡಲಿಲ್ಲ. ಕಿಟಕಿಯಿಂದ ಇಣುಕಿ ನೋಡಿದೆ. ಒಳಗೆ ಮೂರು ಗಿಣಿಗಳಿದ್ದವು. ಥೇಟ್ ನಮ್ಮ ರಾಮನ ಹಾಗೇ! ಅವಕ್ಕೆ ಅಂಟುರೋಗ ಇದೆ ಅಂದ್ರು ಮಾವ.

ಏನಿದು ರೋಗ?

ಇದಕ್ಕೆ ಗಿಣಿಗಳ ಕೊಕ್ಕು ಮತ್ತು ಗರಿ ರೋಗ ಎನ್ನುತ್ತಾರೆ. ಇದು ಸರ್ಕೋವೈರಸ್ ಎಂಬ ಬಹಳ ಸಣ್ಣ ವೈರಸ್‌ನಿಂದ ಬರುತ್ತದೆ. ಈ ವೈರಸ್ ಗರಿ ಹುಟ್ಟುವ ಜಾಗವನ್ನೂ ಕೆಲವು ಹಕ್ಕಿಗಳಲ್ಲಿ ಕೊಕ್ಕನ್ನೂ ಕೆಡಿಸುತ್ತದೆ. ಜೊತೆಗೆ ಮೈಯಲ್ಲಿ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಆದ್ದರಿಂದ ಎಷ್ಟೋ ಗಿಣಿಗಳು ಬೇರೆ ಸೋಂಕು ತಗುಲಿ ಸಾಯುತ್ತವೆ. ಮರಿಗಳಿಗೇ ಅಪಾಯ ಹೆಚ್ಚು.

ಗರಿ ಉದುರಿದ್ದೆಲ್ಲಾ ಈ ರೋಗ ಅಲ್ಲ. ವರ್ಷಕ್ಕೊಮ್ಮೆ ಹಳೇ ಗರಿ ಹೋಗಿ ಹೊಸದು ಬರುವುದು ಸಹಜ. ಬೇಜಾರಿನಿಂದ ತನ್ನ ಗರಿ ತಾನೇ ಕಿತ್ತುಕೊಳ್ಳುವ ಗಿಣಿಗಳೂ ಉಂಟು. ಆದರೆ ತನ್ನ ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲ ಅಲ್ಲವೇ? ಹಾಗಾಗಿ ತಲೆಯ ಗರಿಯೂ ಹೋಗಿದ್ದರೆ, ಹೊಸ ಗರಿ ಸೊಟ್ಟಗೆ ಬರುತ್ತಿದ್ದರೆ ಅನುಮಾನ ಪಡಬೇಕು. ಖಚಿತವಾಗಿ ಹೇಳಲು ರಕ್ತ ಅಥವಾ ಗರಿಯನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು. ಕೆಲವು ಗಿಣಿಗಳು ನೋಡೋಕೆ ಚೆನ್ನಾಗಿದ್ದರೂ ಒಳಗೆ ವೈರಸ್ ಇರುತ್ತದೆ.

ಹೇಗೆ ಹರಡುತ್ತದೆ?

ಗರಿಯ ಪುಡಿ, ಹಿಕ್ಕೆ, ತಾಯಿ ಮರಿಗೆ ಕೊಡುವ ಗುಟುಕು, ಇವುಗಳಿಂದ ಹರಡುತ್ತದೆ. ಗೂಡಿನಲ್ಲಿ, ಪಂಜರದಲ್ಲಿ ಈ ವೈರಸ್ ತಿಂಗಳುಗಟ್ಟಲೆ ಉಳಿಯಬಲ್ಲದು. ನಮ್ಮ ಕೈ, ಬಟ್ಟೆ, ನೀರಿನ ಬಟ್ಟಲಿನ ಮೂಲಕವೂ ಇನ್ನೊಂದು ಗಿಣಿಗೆ ಹೋಗುತ್ತದೆ. ಮನುಷ್ಯರಿಗೆ ಈ ರೋಗ ಬರುವುದಿಲ್ಲ. ಆದರೆ ಗಿಣಿಗಳಿಂದ ನಮಗೆ ಬರುವ ಬೇರೆ ಕಾಯಿಲೆ ಉಂಟು. ಅದಕ್ಕೆ ಅಲ್ಲಿ ಗುಡಿಸುವವರೆಲ್ಲಾ ಬಾಯಿ ಮೂಗು ಮುಚ್ಚಿಕೊಳ್ಳುತ್ತಾರೆ.

ಆರೈಕೆ

ಈ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆರೈಕೆಯೇ ಔಷಧಿ. ಕೆಲವು ಹಕ್ಕಿಗಳು ತಾವಾಗಿ ಚೇತರಿಸಿಕೊಳ್ಳುವುದೂ ಉಂಟು. ನಾನು ನೋಡಿದ್ದು ಇಷ್ಟು:

1. ಬೆಳಿಗ್ಗೆ ಮೊದಲು ಚೆನ್ನಾಗಿರುವ ಹಕ್ಕಿಗಳ ಕೆಲಸ. ರೋಗದ ಗಿಣಿಗಳ ಕೋಣೆಗೆ ಎಲ್ಲಾ ಮುಗಿದ ಮೇಲೆ ಕಡೆಗೆ ಹೋಗುವುದು. ಆ ಕೋಣೆಯ ಬಟ್ಟಲು, ಬಟ್ಟೆ, ಚಪ್ಪಲಿ ಬೇರೆ.

2. ಒಣ ಪೊರಕೆ ಹಾಕುವಂತಿಲ್ಲ, ಪುಡಿ ಹಾರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಸೋಪು ನೀರಿನಿಂದ ಕೊಳೆ ಹೋಗುತ್ತದೆ, ವೈರಸ್ ಸಾಯುವುದಿಲ್ಲ. ಆದ್ದರಿಂದ ಖಾಲಿ ಪಂಜರವನ್ನು ತೊಳೆದು, ಡಾಕ್ಟರು ಹೇಳಿದ ಔಷಧಿ ನೀರು ಹಾಕಿ, ಮತ್ತೆ ತೊಳೆದು ಒಣಗಿಸಿ ಆಮೇಲೆ ಹಕ್ಕಿ ಬಿಡುತ್ತಾರೆ.

3. ಗರಿ ಇಲ್ಲದ ಹಕ್ಕಿಗೆ ಚಳಿ ತಡೆಯೋಕಾಗಲ್ಲ. ರಾತ್ರಿ ಬೆಚ್ಚಗಿಡಬೇಕು.

4. ಬರೀ ಸೂರ್ಯಕಾಂತಿ ಬೀಜ ಸಾಲದು. ಮೊಳಕೆ ಕಾಳು, ಸೀಬೆಹಣ್ಣು, ಕ್ಯಾರೆಟ್, ಸೊಪ್ಪು ಕೊಡ್ತಾರೆ. ಕೊಕ್ಕು ಕೆಟ್ಟಿದ್ದರೆ ಮೆತ್ತಗೆ ಬೇಯಿಸಿ ಕೊಡ್ತಾರೆ.

5. ಗಲಾಟೆ ಮಾಡುವಂತಿಲ್ಲ. ಹೆದರಿಕೆಯಿಂದ ಹಕ್ಕಿ ಇನ್ನೂ ಸೊರಗುತ್ತದೆ.

"ಇವನ್ನು ಯಾವಾಗ ಬಿಡ್ತೀರಿ ಮಾವ?" ಅಂತ ಕೇಳಿದೆ. "ರೋಗ ಇರೋ ತನಕ ಬಿಡಂಗಿಲ್ಲ ಕಣವ್ವ. ಒಂದನ್ನ ಬಿಟ್ರೆ ಒಂದು ಹಿಂಡೇ ಹೋದೀತು" ಅಂದ್ರು. ನನಗೆ ಮಾತೇ ಹೊರಡಲಿಲ್ಲ. ಆಮೇಲೆ ರಾಮನ ವಿಷಯ ಹೇಳಿದೆ. ಮಾವ ಬೈಯಲಿಲ್ಲ. "ಅದಕ್ಕೆ ಇದೇ ರೋಗ ಇತ್ತೋ ಇಲ್ಲವೋ ಪರೀಕ್ಷೆ ಇಲ್ಲದೆ ಹೇಳೋಕಾಗಲ್ಲ. ಇನ್ನು ಮೇಲೆ ಹಂಗೆ ಮಾಡಬೇಡ" ಅಂದ್ರು.

ಹಿಂಡಿಗೆ ರೋಗ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ಮಾರಿಷಸ್ ದ್ವೀಪವೇ ಉದಾಹರಣೆ. ಅಲ್ಲಿ ಎಕೋ ಗಿಣಿ ಅಂತ ಇದೆ, ನಮ್ಮ ಹಸಿರು ಗಿಣಿಯ ಸಂಬಂಧಿ. 1980ರ ದಶಕದಲ್ಲಿ ಕಾಡಿನಲ್ಲಿ ಹತ್ತು ಹನ್ನೆರಡು ಮಾತ್ರ ಉಳಿದಿದ್ದವಂತೆ. ಜನ ಕಷ್ಟಪಟ್ಟು ಮರಿ ಬೆಳೆಸಿ ಕಾಡಿಗೆ ಬಿಟ್ಟರು. 2005ರ ಸುಮಾರಿಗೆ ಅವುಗಳಲ್ಲಿ ಈ ರೋಗ ಕಾಣಿಸಿಕೊಂಡು ಅನೇಕ ಎಳೆಯ ಗಿಣಿಗಳು ಸತ್ತವು. ಆಮೇಲೆ ಗೂಡಿನ ಕೆಲಸದಲ್ಲಿ ಶುಚಿತ್ವ ಬಿಗಿ ಮಾಡಿದರು. ಈಗ ಅವು ನೂರಾರು ಇವೆ.

ಗೆಳೆಯರೇ, ನಮ್ಮೂರಲ್ಲೂ ಕೆಲವರ ಮನೆಯಲ್ಲಿ ಪಂಜರದ ಗಿಣಿ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಣಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ನಮ್ಮಜ್ಜಿಗೂ ಇದು ಗೊತ್ತಿರಲಿಲ್ಲ. ಹಾಗಂತ ನನ್ನ ಹಾಗೆ ಬಾಗಿಲು ತೆಗೆದು ಬಿಡಬೇಡಿ. ಅದರ ಪಕ್ಕ ಇನ್ನೊಂದು ಗಿಣಿ ತಂದಿಡಬೇಡಿ. ದೊಡ್ಡವರಿಗೆ ಹೇಳಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ. ನಮ್ಮ ಗುರುಗಳೂ ಇದಕ್ಕೆ ಸಹಾಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಈಗಲೂ ಶಾಲೆಗೆ ಬರುವಾಗ ಆಲದ ಮರದ ಕೆಳಗೆ ನಿಂತು ಗಿಣಿಗಳನ್ನು ನೋಡುತ್ತೇನೆ. ಇಲ್ಲಿಯವರೆಗೆ ಗರಿ ಇಲ್ಲದ್ದು ಒಂದೂ ಕಂಡಿಲ್ಲ. ನಿಮಗೆ ಕಂಡರೆ ಮುಟ್ಟಬೇಡಿ, ಕೂಡಲೇ ಗುರುಗಳಿಗೆ ತಿಳಿಸಿ.

— 9ನೇ ತರಗತಿಯ ವಿದ್ಯಾರ್ಥಿನಿ