ಮಂತ್ರಾಲಯದ ಹೊಳೆ: ಮುಳುಗಲೇಬೇಕೆ?

ಆದೋನಿ: ನಮ್ಮ ಕಡೆಯವರಿಗೆ ಮಂತ್ರಾಲಯವೆಂದರೆ ಮೊದಲು ಹೊಳೆ, ಆಮೇಲೆ ರಾಯರು. ತುಂಗಭದ್ರೆಯಲ್ಲಿ ಸ್ನಾನ ಮಾಡಿ, ಮಂಚಾಲಮ್ಮನಿಗೆ ಕೈಮುಗಿದು, ನಂತರ ರಾಘವೇಂದ್ರ ಸ್ವಾಮಿಗಳ ಬೃಂದಾವನಕ್ಕೆ ಹೋಗುವುದು ಕ್ರಮ. ಊರಿನ ಹಳೆಯ ಹೆಸರು ಮಂಚಾಲೆ. 1671ರಲ್ಲಿ ರಾಯರು ಬೃಂದಾವನ ಪ್ರವೇಶಿಸುವ ಮೊದಲೇ ಅಮ್ಮ ಇಲ್ಲಿನ ದೇವತೆ. ಆದ್ದರಿಂದ ಮೊದಲ ದರ್ಶನ ಆಕೆಗೆ.

ಸ್ನಾನದ ವಿಧಿ ಸರಳ. ದಡದಲ್ಲಿ ಹೊಳೆಗೆ ನಮಸ್ಕರಿಸಿ, ತಲೆಗೆ ನೀರು ಚಿಮುಕಿಸಿಕೊಂಡು ಇಳಿಯಬೇಕು. ಸಂಕಲ್ಪ, ಮೂರು ಮುಳುಗು, ಸೂರ್ಯನಿಗೆ ಅರ್ಘ್ಯ. ಮಠದೊಳಗೆ ಗಂಡಸರು ಅಂಗಿ ತೆಗೆದು ದರ್ಶನ ಪಡೆಯುತ್ತಾರೆ. ಕೊನೆಗೆ ತೀರ್ಥ, ಮಂತ್ರಾಕ್ಷತೆ.

ತೆಲುಗಿನಲ್ಲಿ ಏರು ಎನ್ನಿ, ಕನ್ನಡದಲ್ಲಿ ಹೊಳೆ ಎನ್ನಿ, ನೀರು ಮಾತ್ರ ಎಲ್ಲ ದಿನ ಒಂದೇ ಸಮ ಇರುವುದಿಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮಡುಗಳಷ್ಟೇ ಉಳಿಯುತ್ತವೆ. ಹೊಸಪೇಟೆ ಡ್ಯಾಂನಿಂದ ನೀರು ಬಿಟ್ಟರೆ ಇಲ್ಲಿ ಹೊಳೆ ಏರುತ್ತದೆ. 2009ರ ಅಕ್ಟೋಬರ್ ಆರಂಭದ ಪ್ರವಾಹದಲ್ಲಿ ಮಠಕ್ಕೇ ನೀರು ನುಗ್ಗಿತ್ತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟು ಕೊಚ್ಚಿಹೋದಾಗ ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಕೊಡಬೇಕಾಯಿತು.

ಹಾಗಾದರೆ ಅಂಥ ದಿನ ಮುಳುಗದಿದ್ದರೆ ಯಾತ್ರೆ ಅಪೂರ್ಣವೆ? ಅಲ್ಲ. ಮುದುಕರಿಗೆ, ರೋಗಿಗಳಿಗೆಂದೇ ಶಾಸ್ತ್ರದಲ್ಲಿ ಮಂತ್ರಸ್ನಾನವಿದೆ: ಮಂತ್ರ ಹೇಳಿ ಮೈಮೇಲೆ ನೀರು ಪ್ರೋಕ್ಷಿಸಿಕೊಂಡರೆ ಸಾಕು. 2020ರ ನವೆಂಬರ್‌ನಲ್ಲಿ, 12 ವರ್ಷಕ್ಕೊಮ್ಮೆ ಬರುವ ತುಂಗಭದ್ರಾ ಪುಷ್ಕರದಲ್ಲೂ, ಕೊರೊನಾ ಕಾರಣ ಆಂಧ್ರ ಸರ್ಕಾರ ಹೊಳೆಯಲ್ಲಿ ಮುಳುಗಲು ಬಿಡಲಿಲ್ಲ. ನಮ್ಮ ಆದೋನಿಯ ಐತಿಹ್ಯವೂ ಇದನ್ನೇ ಹೇಳುತ್ತದೆ. ಇಲ್ಲಿನ ಆಡಳಿತಗಾರ ಸಿದ್ದಿ ಮಸೂದ್ ಖಾನ್ ಪರೀಕ್ಷಿಸಲು ತಟ್ಟೆಯಲ್ಲಿ ಮಾಂಸ ಮುಚ್ಚಿ ತಂದಾಗ ರಾಯರು ಚಿಮುಕಿಸಿದ್ದು ಕಮಂಡಲದ ನಾಲ್ಕು ಹನಿ, ಮಾಂಸ ಹಣ್ಣಾಯಿತಂತೆ. ಮಂಚಾಲೆ ಮಠಕ್ಕೆ ಸಿಕ್ಕಿದ್ದು ಆ ಬಳಿಕ.

ಇನ್ನೊಂದು ಮಾತು. ಗಂಗಾ ಸ್ನಾನ, ತುಂಗಾ ಪಾನ ಎಂದು ಗಾದೆ. ಅಂದರೆ ಇದು ಕುಡಿಯುವ ನೀರಿಗೆ ಹೆಸರಾದ ಹೊಳೆ. ಕೆಳಗೆ ಸುಂಕೇಸುಲದಲ್ಲಿ ನಿಲ್ಲುವ ಇದೇ ನೀರನ್ನು ಕರ್ನೂಲು ನಗರ ಕುಡಿಯುತ್ತದೆ. ಹಳೆ ಬಟ್ಟೆ ಬಿಟ್ಟರೆ ಪಾಪ ತೊಲಗುತ್ತದೆಂದು ಹೊಳೆಗೆ ಎಸೆಯುವುದು, ಸೋಪು, ಶಾಂಪೂ ಹಚ್ಚಿ ತೊಳೆಯುವುದು ಯಾವ ವಿಧಿಯಲ್ಲೂ ಇಲ್ಲ. ಹೊರಡುವ ಮುನ್ನ ಡ್ಯಾಂನಿಂದ ಎಷ್ಟು ನೀರು ಬಿಟ್ಟಿದ್ದಾರೆ ವಿಚಾರಿಸಿ. ಹೊಳೆ ತುಂಬಿದ್ದರೆ ದಡದಲ್ಲೇ ಒಂದು ತಂಬಿಗೆ ನೀರು ತಲೆಗೆ ಹಾಕಿಕೊಳ್ಳಿ, ಅಮ್ಮನ ಗುಡಿಗೆ ನಡೆಯಿರಿ.