ಸೂರಿನ ಯೋಗಕ್ಷೇಮ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಕಟ್ಟುವ ಕಷ್ಟವನ್ನು ಅದು ಚೆನ್ನಾಗಿ ಹೇಳುತ್ತದೆ. ಆದರೆ ಕಟ್ಟಿದ ಮೇಲೆ ಮನೆಯನ್ನು ಏರಿ ನೋಡು ಎಂದು ಯಾವ ಗಾದೆಯೂ ನಮಗೆ ಹೇಳಿಕೊಟ್ಟಂತಿಲ್ಲ. ಗೃಹಪ್ರವೇಶದ ದಿನ ತೋರಣ ಕಟ್ಟಿದ ಬಾಗಿಲನ್ನು ನೋಡುತ್ತೇವೆ, ನೆಲದ ನುಣುಪನ್ನು ನೋಡುತ್ತೇವೆ, ಗೋಡೆಯ ಬಣ್ಣವನ್ನು ಮೆಚ್ಚುತ್ತೇವೆ. ತಲೆಯ ಮೇಲಿರುವ ಸೂರನ್ನು ಮಾತ್ರ ತಲೆಯೆತ್ತಿ ನೋಡುವವರು ವಿರಳ. ಅದು ಸೋರತೊಡಗಿದ ದಿನವೇ ಅದರ ಇರವು ನಮ್ಮ ಗಮನಕ್ಕೆ ಬರುವುದು. ಆ ವೇಳೆಗೆ ಕೆಡುಕು ಬಹು ದೂರ ನಡೆದುಹೋಗಿರುತ್ತದೆ.

ಸೂರು ಮಾಡುವ ಕೆಲಸ ಎಷ್ಟು ದೊಡ್ಡದೆಂಬುದನ್ನು ಶ್ರೋತೃಗಳು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ಎಂದರೆ 100 ಚದರ ಮೀಟರ್ ವಿಸ್ತಾರದ ಒಂದು ಸಾಧಾರಣ ಮನೆಯ ಮೇಲೆ ವರ್ಷಕ್ಕೆ ಸುಮಾರು 80,000 ಲೀಟರ್ ನೀರು ಸುರಿಯುತ್ತದೆ. ಇಷ್ಟು ನೀರನ್ನೂ ಒಂದು ಹನಿ ಒಳಗೆ ಬಿಡದೆ ಹೊರಕ್ಕೆ ಸಾಗಿಸುವುದು ಸೂರಿನ ಕರ್ತವ್ಯ. ಅದರೊಡನೆ ಬೇಸಗೆಯ ಉರಿಬಿಸಿಲನ್ನೂ, ಆ ಬಿಸಿಲಿನ ನಡುವೆ ಹಠಾತ್ತಾಗಿ ಬಂದು ಬಡಿಯುವ ಗುಡುಗು ಮಳೆಯ ತಣ್ಪನ್ನೂ ಅದು ಸಹಿಸಬೇಕು. ಇಂತಹ ಸೇವಕನನ್ನು ವರ್ಷಕ್ಕೆ ಎರಡು ಬಾರಿಯಾದರೂ ವಿಚಾರಿಸಿಕೊಳ್ಳದಿರುವುದು ನ್ಯಾಯವಲ್ಲ.

ಇದನ್ನು ಹೇಳುವ ಅಧಿಕಾರ ನಮಗೆ ಬಂದದ್ದು ನಮ್ಮ ತಪ್ಪಿನಿಂದಲೇ. ನಾವು ಹಿಂದೆ ವಾಸವಾಗಿದ್ದ ಮನೆ ಹಳೆಯ ಮಾಳಿಗೆಯ ಮನೆ. ತಾಯಿಯವರು ಮಲಗುತ್ತಿದ್ದ ಕೋಣೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಕಂದು ಕಲೆ ಕಾಣಿಸಿಕೊಂಡಿತು. ದಸರಾ ಹತ್ತಿರ ಬಂದಿತ್ತು, ನೆಂಟರು ಬರುವವರಿದ್ದರು. ಕಲೆಯ ಮೇಲೆ ಸುಣ್ಣ ಬಳಿಸಿದೆವು. ಮುಂದಿನ ವರ್ಷವೂ ಹಾಗೆಯೇ ಮಾಡಿದೆವು. ಮೂರನೆಯ ವರ್ಷ ತಾಯಿಯವರು, ಬೆಳಿಗ್ಗೆ ಎದ್ದರೆ ಹಾಸಿಗೆಯ ಮೇಲೆ ಹಿಟ್ಟಿನಂತಹ ಪುಡಿ ಬಿದ್ದಿರುತ್ತದೆಂದು ಹೇಳತೊಡಗಿದರು. ವೃದ್ಧಾಪ್ಯದ ಗೊಣಗಾಟವೆಂದು ನಾವು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಚ್ಚಲ ಮನೆಯ ಕಲ್ಲು ಸರಿಪಡಿಸಲು ಬಂದಿದ್ದ ವೃದ್ಧ ಮೇಸ್ತ್ರಿಯೊಬ್ಬನು ಆ ಕೋಣೆಯನ್ನು ಹಾದುಹೋಗುವಾಗ ನಿಂತು, ಏಣಿ ತರಿಸಿ, ಗೋಡೆಯೊಳಗೆ ಹೋಗುವ ತೊಲೆಯ ತುದಿಗೆ ದಬ್ಬಳವನ್ನು ಒತ್ತಿದನು. ಅದು ಬೆಣ್ಣೆಯೊಳಗೆ ಇಳಿದಂತೆ ಹಿಡಿಯವರೆಗೂ ಇಳಿಯಿತು. "ಸ್ವಾಮಿ, ಅಮ್ಮಾವ್ರ ಮಂಚ ಈಗಲೇ ತೆಗಿಸಿ" ಎಂದನು. ತೊಲೆಯನ್ನು ಬಿಚ್ಚಿದಾಗ ಗೋಡೆಯೊಳಗಿನ ಒಂದು ಗೇಣು ಮರ ನಶ್ಯದಂತೆ ಪುಡಿಯಾಗಿತ್ತು. ಮೇಲೆ ಹತ್ತಿ ನೋಡಿದರೆ, ನೀರು ಹೊರಹೋಗುವ ಗಂಡಿಯನ್ನು ಒಂದು ಬೊಗಸೆ ಒಣ ಎಲೆ ಮುಚ್ಚಿತ್ತು. ಪಕ್ಕದ ಬಿರುಕಿನಲ್ಲಿ ಅರಳಿಯ ಸಸಿಯೊಂದು ಚಿಗುರಿ ನಿಂತಿತ್ತು. ಕಾರಣ ಇಷ್ಟೇ. ತಾಯಿಯವರು "ನಾನು ಹೇಳುತ್ತಲೇ ಇದ್ದೆನಲ್ಲಪ್ಪ" ಎಂದರೇ ಹೊರತು ಮತ್ತೇನನ್ನೂ ಹೇಳಲಿಲ್ಲ. ಆ ಮಾತು ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಖಾಸಗಿ ಮನೆಗಳ ಮಾತು ಹಾಗಿರಲಿ. 1892ರಲ್ಲಿ ಮೈಸೂರಿನಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ ತಿಂಗಳಿನಲ್ಲಿ ಕುಸಿದು ನಾಲ್ವರು ಪ್ರಾಣ ಬಿಟ್ಟರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಎರಡೂ ಮಳೆಗಾಲದಲ್ಲಿ ನಡೆದುವೆಂಬುದನ್ನು ಮರೆಯಲಾಗದು. ಹಳೆಯ ಕಟ್ಟಡವೆಂದರೆ ದುರ್ಬಲವೆಂದು ಅರ್ಥವಲ್ಲ. ನೋಡಿಕೊಳ್ಳುವವರಿದ್ದರೆ ಅದು ಇನ್ನೂ ಒಂದು ಶತಮಾನ ನಿಂತೀತು. ನೋಡುವವರಿಲ್ಲದಿದ್ದರೆ ಹೊಸದೂ ಬೇಗನೆ ಹಳತಾಗುತ್ತದೆ.

ನಮ್ಮ ನಗರಗಳ ಮನೆಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಸೂರುಗಳುಂಟು. ಒಂದೊಂದರ ಶರೀರಧರ್ಮವೂ ಬೇರೆ, ರೋಗವೂ ಬೇರೆ. ಆದುದರಿಂದ ಪರೀಕ್ಷೆಯ ಕ್ರಮವನ್ನೂ ಬೇರೆ ಬೇರೆಯಾಗಿ ತಿಳಿಯಬೇಕು.

ಮೊದಲನೆಯದು ಮಂಗಳೂರು ಹೆಂಚಿನ ಸೂರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ, ಒಂದರೊಡನೊಂದು ಕೊಂಡಿಯಂತೆ ಸೇರಿಕೊಳ್ಳುವ ಈ ಹೆಂಚು ನಾಡಿನಲ್ಲೆಲ್ಲ ಹರಡಿತು. ಸರಿಯಾಗಿ ಸುಟ್ಟ ಹೆಂಚು ತಲೆಮಾರುಗಳ ಕಾಲ ಬಾಳುತ್ತದೆ. ಕೆಡುವುದು ಸಾಮಾನ್ಯವಾಗಿ ಅದನ್ನು ಹೊತ್ತ ಮರ. ಕೋತಿ ನೆಗೆದು, ತೆಂಗಿನ ಗರಿ ಬಿದ್ದು, ಹುಡುಗರ ಚೆಂಡು ತಾಗಿ ಒಂದು ಹೆಂಚು ಒಡೆಯುತ್ತದೆ ಅಥವಾ ಜರುಗುತ್ತದೆ. ಆ ಸಂದಿಯಿಂದ ಇಳಿದ ನೀರು ರೀಪಿನ ಮೇಲೆ ಹರಿದು ಎಲ್ಲಿಯೋ ದೂರದಲ್ಲಿ ತೊಟ್ಟಿಕ್ಕುತ್ತದೆ. ಆದುದರಿಂದ ಹನಿ ಬಿದ್ದ ಸ್ಥಳದ ನೇರ ಮೇಲೆಯೇ ಒಡಕನ್ನು ಹುಡುಕಿ ನಿರಾಶರಾಗಬಾರದು, ಇಳಿಜಾರಿನಲ್ಲಿ ಮೇಲುಮೇಲಕ್ಕೆ ಹುಡುಕುತ್ತ ಹೋಗಬೇಕು. ಇದಕ್ಕೆ ಸುಲಭವಾದ ಉಪಾಯವುಂಟು. ನಡುಹಗಲಿನಲ್ಲಿ ಕಿಟಕಿ ಬಾಗಿಲುಗಳನ್ನು ಮುಚ್ಚಿ, ದೀಪವನ್ನು ಆರಿಸಿ, ಒಳಗಿನಿಂದ ಮೇಲೆ ನೋಡಿದರೆ ಜರುಗಿದ ಹೆಂಚಿನ ಸಂದಿಯಲ್ಲಿ ಬೆಳಕು ಕಾಣುವುದು. ಎರಡು ಇಳಿಜಾರುಗಳು ಕೂಡುವ ಕಡೆಯ ತಗಡು ತುಕ್ಕು ಹಿಡಿದಿದೆಯೇ, ನೆತ್ತಿಯ ಹೆಂಚುಗಳ ಗಾರೆ ಬಿಟ್ಟುಕೊಂಡಿದೆಯೇ, ಗೋಡೆಯಿಂದ ಮರಕ್ಕೆ ಗೆದ್ದಲಿನ ಮಣ್ಣಿನ ದಾರಿ ಏರಿದೆಯೇ, ಈ ಮೂರನ್ನೂ ತಪ್ಪದೆ ನೋಡತಕ್ಕದ್ದು. ಕೆಳಗೆ ಹಲಗೆಯ ಚಾವಣಿ ಹೊಡೆದಿರುವ ಮನೆಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಅಲ್ಲಿ ರೋಗವು ಪರದೆಯ ಹಿಂದೆ ಬೆಳೆಯುತ್ತದೆ.

ಎರಡನೆಯದು ಮದ್ರಾಸ್ ತಾರಸಿ. ತೇಗದ ತೊಲೆ ಜಂತೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆಯ ಜಲ್ಲಿಯನ್ನೂ ಸುಣ್ಣದ ಗಾರೆಯನ್ನೂ ಹರಡಿ, ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ಮಾಡಿದ ಸೂರು ಇದು. ಅಳಲೆಕಾಯಿ ಮತ್ತು ಬೆಲ್ಲದ ನೀರನ್ನು ಗಾರೆಗೆ ಬೆರೆಸುತ್ತಿದ್ದರು. ಸುಣ್ಣಕ್ಕೆ ಒಂದು ವಿಶೇಷ ಗುಣವುಂಟು. ಅದು ತೇವವನ್ನು ಸ್ವಲ್ಪ ಹೀರಿದರೂ ಬಿಸಿಲು ಬಂದೊಡನೆ ಹೊರಕ್ಕೆ ಬಿಟ್ಟುಬಿಡುತ್ತದೆ. ಇದನ್ನರಿಯದೆ, ಸೋರಿದೊಡನೆ ಮೇಲೆ ಬಿಗಿಯಾದ ಸಿಮೆಂಟಿನ ಪದರವನ್ನು ಎಳೆಯುವುದು ಇಂದು ಸಾಮಾನ್ಯವಾಗಿದೆ. ಸಿಮೆಂಟು ಬೇಗನೆ ಬಿರುಕು ಬಿಡುತ್ತದೆ, ಬಿರುಕಿನಿಂದ ಇಳಿದ ನೀರು ಮೇಲಕ್ಕೆ ಆವಿಯಾಗಿ ಹೋಗಲಾರದೆ ಕೆಳಗಿನ ಮರದಲ್ಲಿಯೇ ನಿಲ್ಲುತ್ತದೆ. ಅದೂ ಅಲ್ಲದೆ ಒಂದು ಅಂಗುಲದ ಪದರವೆಂದರೆ ಚದರ ಮೀಟರಿಗೆ ಸುಮಾರು 50 ಕಿಲೋಗ್ರಾಂ ಭಾರ. 100 ಚದರ ಮೀಟರಿಗೆ ಅದು 5 ಟನ್ ಆಗುತ್ತದೆ! ಮುದಿ ತೊಲೆಯ ಮೇಲೆ ಇಂತಹ ಹೊರೆಯನ್ನು ಹೊರಿಸಿ, ದುರಸ್ತಿಯಾಯಿತೆಂದು ಸಮಾಧಾನಪಡುವುದು ಅವಿವೇಕ. ಸುಣ್ಣದ ಸೂರಿಗೆ ಸುಣ್ಣವೇ ಮದ್ದು. ಇಲ್ಲಿ ಮುಖ್ಯವಾಗಿ ಪರೀಕ್ಷಿಸಬೇಕಾದದ್ದು ತೊಲೆ ಗೋಡೆಯನ್ನು ಹೊಕ್ಕುವ ತುದಿ. ದಬ್ಬಳ ಸುಲಭವಾಗಿ ಇಳಿದರೆ, ಬಡಿದಾಗ ಟೊಳ್ಳು ಸದ್ದಾದರೆ, ಅಥವಾ ತೊಲೆ ನಡುವೆ ಬಾಗಿದಂತೆ ಕಂಡರೆ ವಿಳಂಬ ಕೂಡದು.

ಮೂರನೆಯದು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಸೂರು. ಇದು ಕಲ್ಲಿನಂತೆ ಶಾಶ್ವತವೆಂಬ ಭ್ರಾಂತಿ ಜನರಲ್ಲಿ ಉಂಟು. ಕಾಂಕ್ರೀಟಿನಲ್ಲಿರುವ ಕ್ಷಾರಗುಣವು ಒಳಗಿನ ಸರಳುಗಳನ್ನು ತುಕ್ಕಿನಿಂದ ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯಲ್ಲಿರುವ ಇಂಗಾಲಾಮ್ಲವು ಮೆಲ್ಲನೆ ಒಳಹೊಕ್ಕು ಆ ಗುಣವನ್ನು ಕಳೆಯುತ್ತದೆ. ಸರಳಿನ ಕೆಳಗೆ ಸಾಮಾನ್ಯವಾಗಿ ಇರುವುದು ಸುಮಾರು 20 ಮಿಲಿಮೀಟರ್ ಹೊದಿಕೆ ಮಾತ್ರ. ನೀರು ಸೋರಿ ಸರಳಿಗೆ ತಗುಲಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಷ್ಟಕ್ಕೂ ಮಿಗಿಲಾದ ಸ್ಥಳವನ್ನು ಆಕ್ರಮಿಸುವುದರಿಂದ, ಒಳಗಿನಿಂದಲೇ ಕಾಂಕ್ರೀಟನ್ನು ಸೀಳಿ ಕೆಳಕ್ಕೆ ತಳ್ಳುತ್ತದೆ. ಚಾವಣಿಯಲ್ಲಿ ಸರಳಿನ ಗೆರೆಯನ್ನೇ ಹಿಡಿದು ನೇರವಾಗಿ ಓಡುವ ಬಿರುಕು, ಕಂದು ಬಣ್ಣದ ಕಲೆ, ಕೋಲಿನಿಂದ ತಟ್ಟಿದರೆ ಟೊಳ್ಳಾಗಿ ಕೇಳಿಸುವ ಸದ್ದು, ಇವು ಅದರ ಲಕ್ಷಣಗಳು. ಇಂತಹ ಚಾವಣಿಯ ಕೆಳಗೆ ಮಕ್ಕಳನ್ನು ಮಲಗಿಸಬಾರದು. ಇನ್ನೊಂದು ಬಿರುಕು ತಾರಸಿಗೂ ಅಂಚಿನ ಗೋಡೆಗೂ ನಡುವೆ ಕಾಣಿಸುತ್ತದೆ. 10 ಮೀಟರ್ ಉದ್ದದ ತಾರಸಿ 30 ಡಿಗ್ರಿಯಷ್ಟು ಕಾದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಪ್ರತಿದಿನದ ಈ ಎಳೆದಾಟದಿಂದ ಮೂಲೆಯ ಗಾರೆ ಬಾಯಿಬಿಡುತ್ತದೆ. ಈ ಬಿರುಕು ಅಷ್ಟು ಭಯಂಕರವಲ್ಲದಿದ್ದರೂ ನೀರಿಗೆ ಅದೇ ಹೆಬ್ಬಾಗಿಲು.

ಈಗಿನ ತಾರಸಿಗಳು ಉಗ್ರಾಣಗಳೂ ಆಗಿವೆ. 1,000 ಲೀಟರಿನ ತೊಟ್ಟಿ ತುಂಬಿದರೆ ಒಂದು ಟನ್ ತೂಗುತ್ತದೆ. ಅದನ್ನು ಕೆಳಗೆ ಗೋಡೆಯೋ ತೊಲೆಯೋ ಇರುವ ಸ್ಥಳದ ಮೇಲೆ ಇಡಬೇಕೇ ಹೊರತು ಕೋಣೆಯ ನಡುಮಧ್ಯದ ಮೇಲಲ್ಲ. ಬಿಸಿನೀರಿನ ಸೌರಯಂತ್ರವನ್ನು ನಿಲ್ಲಿಸಲು ಕೊರೆದ ತೂತುಗಳು, ಹೂಕುಂಡಗಳ ಕೆಳಗಿನ ಸದಾ ತೇವ, ತೊಟ್ಟಿಯ ಕೊಳವೆಯ ತೊಟ್ಟಿಕ್ಕುವಿಕೆ, ಇವೆಲ್ಲವೂ ಬೇಸಗೆಯಲ್ಲಿಯೇ ಮಳೆಗಾಲವನ್ನು ಸೃಷ್ಟಿಸುತ್ತವೆ. ಮಳೆಯಿಲ್ಲದ ದಿನಗಳಲ್ಲಿಯೂ ಕಲೆ ಹಸಿಯಾಗಿದ್ದರೆ ಸೂರನ್ನು ದೂರುವ ಮೊದಲು ಕೊಳವೆಗಳನ್ನು ಪರೀಕ್ಷಿಸಬೇಕು.

ಯಾವಾಗ ನೋಡಬೇಕು? ನಮ್ಮ ಅಭಿಪ್ರಾಯದಲ್ಲಿ ಯುಗಾದಿಯಾದ ಕೂಡಲೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಡಿಸೆಂಬರಿನಲ್ಲಿ ಇನ್ನೊಮ್ಮೆ. ಮೊದಲನೆಯದು ಮೇ ತಿಂಗಳ ಗುಡುಗು ಮಳೆಗೆ ಸಿದ್ಧರಾಗುವುದಕ್ಕೆ. ಎರಡನೆಯದು ಮಳೆ ಮಾಡಿಹೋದ ಹಾನಿಯನ್ನು, ಗಾರೆ ಕೆಲಸಕ್ಕೆ ಅನುಕೂಲವಾದ ಒಣ ದಿನಗಳಲ್ಲಿ ಸರಿಪಡಿಸುವುದಕ್ಕೆ. ಮೊದಲ ದೊಡ್ಡ ಮಳೆ ಬೀಳುತ್ತಿರುವಾಗ ಒಂದು ಗಳಿಗೆ ಮನೆಯೊಳಗೆ ಸುತ್ತಿ ಮೇಲೆ ನೋಡುವುದೂ ಒಳ್ಳೆಯ ಪರೀಕ್ಷೆಯೇ. ಆಲಿಕಲ್ಲಿನ ಮಳೆಯೋ ಬಿರುಗಾಳಿಯೋ ಬಂದುಹೋದ ಮರುದಿನ ತಪ್ಪದೆ ನೋಡತಕ್ಕದ್ದು.

ಹೇಗೆ ನೋಡಬೇಕೆಂಬುದಕ್ಕೆ ಒಂದು ಪುಟ್ಟ ಪುಸ್ತಕವೂ ಒಂದು ಸೀಸದ ಕಡ್ಡಿಯೂ ಸಾಕು. ಕಲೆಯ ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮುಂದಿನ ಮಳೆಯ ಅನಂತರ ಕಲೆ ಗೆರೆಯನ್ನು ದಾಟಿದ್ದರೆ ರೋಗ ಜೀವಂತವಾಗಿದೆ. ದಾಟದೆ ಒಣಗಿದ್ದರೆ ಅದು ಹಳೆಯ ಗಾಯದ ಗುರುತು. ಬಿರುಕಿಗೆ ಅಡ್ಡಲಾಗಿ ಒಂದು ಚಿಟಿಕೆ ಗಾರೆಯನ್ನು ಮೆತ್ತಿ ತಾರೀಖು ಹಾಕಿರಿ. ಅದು ಸೀಳಿದರೆ ಬಿರುಕು ಇನ್ನೂ ಬೆಳೆಯುತ್ತಿದೆಯೆಂದು ತಿಳಿಯಿರಿ. ಅರಳಿ, ಆಲ, ಅತ್ತಿಗಳ ಸಸಿಗಳನ್ನು ಬೆರಳುದ್ದವಿರುವಾಗಲೇ ಬೇರುಸಹಿತ ತೆಗೆಯಿರಿ. ಮೇಲೆ ಕತ್ತರಿಸಿದರೆ ಅದು ಮತ್ತೆ ಚಿಗುರಿ ಬೇರನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ನೀರಿನ ಗಂಡಿಗಳಿಗೆ ಜಾಲರಿ ಇಡಿರಿ, ಜಾಲರಿಯನ್ನೂ ಆಗಾಗ್ಗೆ ಗುಡಿಸಿರಿ. ಗಂಡಿ ಕಟ್ಟಿ ತಾರಸಿಯಲ್ಲಿ ಒಂದು ಅಂಗುಲ ನೀರು ನಿಂತರೂ 100 ಚದರ ಮೀಟರಿಗೆ ಎರಡೂವರೆ ಟನ್ ಭಾರ ಬೀಳುತ್ತದೆ.

ಒಂದೆರಡು ಎಚ್ಚರಿಕೆಗಳು ಅವಶ್ಯಕ. ಒದ್ದೆಯಾದ ಹೆಂಚಿನ ಮೇಲೆ ಯಾರೂ ಹತ್ತಕೂಡದು. ಕಲ್ನಾರಿನ ಹಾಳೆಗಳು ಮನುಷ್ಯನ ಭಾರವನ್ನು ತಡೆಯುವುವೆಂದು ನಂಬಕೂಡದು. ಅವುಗಳನ್ನು ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ವಿಷ. ಏಣಿಯನ್ನು ಒಬ್ಬರು ಹಿಡಿದಿರಲೇಬೇಕು. ದೀಪದ ಬುಡದಿಂದ ನೀರು ತೊಟ್ಟಿಕ್ಕಿದರೆ ಮೊದಲು ಮನೆಯ ವಿದ್ಯುತ್ತನ್ನು ಮುಖ್ಯ ಸ್ವಿಚ್ಚಿನಲ್ಲಿ ನಿಲ್ಲಿಸಿ, ಆಮೇಲೆ ಪಾತ್ರೆ ಇಡುವ ಯೋಚನೆ ಮಾಡಿರಿ. ಜರುಗಿದ ಹೆಂಚನ್ನು ಸರಿಪಡಿಸಲು ಅನುಭವಸ್ಥ ಕೆಲಸಗಾರನೇ ಸಾಕು. ತೊಲೆ ಬಾಗಿದ್ದರೆ, ಸರಳು ಹೊರಗೆ ಕಂಡರೆ ಇಂಜಿನಿಯರರನ್ನೇ ಕರೆಸಬೇಕು. ಮೇಲೆ ಹತ್ತಿ ನೋಡದೆ, ಕೆಳಗೆ ನಿಂತು "ಇನ್ನೊಂದು ಪದರ ಹಾಕಿದರಾಯಿತು" ಎನ್ನುವವನಿಗೆ ಕೆಲಸ ಒಪ್ಪಿಸಬೇಡಿರಿ. ಬಾಡಿಗೆಯ ಮನೆಯವರು ಕಲೆಯನ್ನು ಕಂಡ ದಿನವೇ ಮಾಲೀಕರಿಗೆ ಬರೆದು ತಿಳಿಸುವುದು ಇಬ್ಬರಿಗೂ ಲೇಸು.

ಹನಿ ಹನಿ ಗೂಡಿದರೆ ಹಳ್ಳವೆಂಬ ಮಾತನ್ನು ನಾವು ಹಣ ಕೂಡಿಸುವ ಸಂದರ್ಭದಲ್ಲಿ ಮಕ್ಕಳಿಗೆ ಹೇಳುತ್ತೇವೆ. ಅದು ಸೂರಿಗೂ ಅಷ್ಟೇ ಸತ್ಯ. ವರ್ಷಕ್ಕೆ ಎರಡು ಬೆಳಗಿನ ಹೊತ್ತು, ಒಂದು ಏಣಿ, ಒಂದು ಪೊರಕೆ, ಒಂದು ದಬ್ಬಳ, ಇಷ್ಟೇ ಇದಕ್ಕೆ ಬೇಕಾದ ಬಂಡವಾಳ. ಇವುಗಳ ಜೊತೆಗೆ ಇನ್ನೊಂದನ್ನು ಸೇರಿಸಲು ಅಪ್ಪಣೆಯಾಗಲಿ. ಮನೆಯಲ್ಲಿ ಹೆಚ್ಚು ಹೊತ್ತು ಮಲಗಿ ಚಾವಣಿಯನ್ನು ನೋಡುತ್ತಿರುವವರು ವೃದ್ಧರು ಮತ್ತು ರೋಗಿಗಳು. ಅಲ್ಲಿ ಏನೋ ಬದಲಾಗಿದೆಯೆಂದು ಅವರು ಹೇಳಿದರೆ, ಸುಣ್ಣದ ಬಕೆಟ್ಟನ್ನು ತರಿಸುವ ಮೊದಲು ಏಣಿಯನ್ನು ತರಿಸಿರಿ.